ಎಡಗಾಲಿನ ಠಸ್ಸೆ

ರಾಘವ ಮಾಡಿದ ತಪ್ಪು ಒಂದೇ. ಒಂದು ಚೀಲ ತುಂಬ ದೇವರನ್ನು ಮನೆಗೆ ತಂದ.

ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ. ಎಸ್ಸೆಸ್ಸೆಲ್ಸಿಯ ಗಣಿತ ಅವನನ್ನು ಕುತ್ತಿಗೆ ಹಿಡಿದು ಆಚೆಗೆ ತಳ್ಳಿದ ಮೇಲೆ ಒಳಗೆ ಕರೆದುಕೊಂಡದ್ದು ಈ ಅಂಗಡಿಯೇ. ಆಫ್‌ಸೆಟ್ ಮಿಷನ್ನು ಬಂದ ಮೇಲೆ ಹಳೆಯ ಮಿಷನ್ನು ಮೂಲೆ ಹಿಡಿದಿತ್ತು. ಪತ್ರಿಕೆಗಳ ನೆತ್ತಿಯ ಮೇಲೆ ಒತ್ತುತ್ತಿದ್ದ ದೇವರ ಅಚ್ಚುಗಳೂ ಅದರ ಜೊತೆಗೇ ಮೂಲೆ ಹಿಡಿದಿದ್ದವು. ಮರದ ತುಂಡಿಗೆ ತಗಡು ಬಡಿದು ಮಾಡಿದ ಗಣಪತಿ, ತಿರುಪತಿ ತಿಮ್ಮಪ್ಪ, ಈಶ್ವರಲಿಂಗ, ಕಾಲಭೈರವ, ಜೊತೆಗೆ ಕಳಶ, ಬಾಳೆಕಂಬ, ಓಲಗದವರು. “ಎಲ್ಲಾ ಬಾಚಿ ಗುಜರಿಗೆ ಹಾಕಯ್ಯಾ” ಎಂದ ಮಾಲೀಕ. ದೇವರನ್ನು ಗುಜರಿಗೆ ಹಾಕಲು ರಾಘವನಿಗೆ ಧೈರ್ಯ ಬರಲಿಲ್ಲ. ಅವು ತುಂಬಿದ್ದ ಡ್ರಾಯರನ್ನೇ ಎತ್ತಿ ಚೀಲಕ್ಕೆ ಬೋರಲು ಹಾಕಿದ. ಹಳೆಯದೊಂದು ಇಂಕ್ ಪ್ಯಾಡನ್ನೂ ಸೇರಿಸಿದ. ಮೊನ್ನೆ ಸಂಜೆ ಚಾಮರಾಜಪೇಟೆಯ ವಠಾರಕ್ಕೆ ತಂದು ಅಕ್ಕನ ಮಗಳ ಮಂಚದ ಮೇಲೆ ಸುರಿದ.

ಅಕ್ಕನ ಮಗಳು ಆರಾಧನಾ. ಮೂರನೇ ಕ್ಲಾಸಿನ ಪರೀಕ್ಷೆ ಮುಗಿದ ಸಂಜೆಯೇ, ಬೇಸಿಗೆ ರಜಾ ಬಂದ ಖುಷಿಗೆ, ಕೊಡೆ ಬಿಚ್ಚಿ ಹಿಡಿದು ಕಾಂಪೌಂಡ್ ಗೋಡೆಯಿಂದ ಹಾರಿದ್ದಳು. ಕೊಡೆಗೆ ಏನೂ ಆಗಲಿಲ್ಲ. ಅವಳ ಎರಡು ಕಾಲಿಗೂ ಮಂಡಿಯ ಕೆಳಗಿನಿಂದ ಬೆರಳಿನ ಬುಡದವರೆಗೆ ಪ್ಲಾಸ್ಟರ್ ಬಿತ್ತು. ಅಂಗಳದಲ್ಲಿ ವಠಾರದ ಮಕ್ಕಳು ಲಗೋರಿ ಆಡುತ್ತ ಕಿರುಚಿದರೆ, ಇವಳು ಕಿಟಕಿಯ ಪಕ್ಕದ ಮಂಚದ ಮೇಲಿಂದ ಯಾರು ಔಟು ಯಾರು ಅಲ್ಲ ಎಂದು ಅವರಿಗಿಂತ ಜೋರಾಗಿ ಕಿರುಚುತ್ತಿದ್ದಳು. ಪ್ಲಾಸ್ಟರಿನೊಳಗೆ ನವೆಯಾದರೆ ರಾಘವ ಸೈಕಲ್ ಪಂಪು ತಂದು ಅದರ ಬಾಯಿಗೆ ಗಾಳಿ ಹೊಡೆಯಬೇಕು. ಬಾತ್‌ರೂಮಿಗೆ ಹೋಗಬೇಕೆಂದರೆ ರಾಘವನೇ ಕೂಸುಮರಿ ಹೊರಬೇಕು. ಹೊತ್ತರೆ ಆ ಎರಡು ಬಿಳಿ ಕಾಲು ಎತ್ತಿನ ಗಾಡಿಯ ಮೂಕಿಯ ಹಾಗೆ ಮುಂದಕ್ಕೆ ಚಾಚಿಕೊಂಡು, ಬಾಗಿಲಲ್ಲಿ ನಿಂತವರ ಹೊಟ್ಟೆಗೆ ತಿವಿಯುತ್ತಿದ್ದವು. ಅಂಗಡಿಯಲ್ಲಿ ಮಾಲೀಕನ ಮೇಲೆ, ಬಸ್ಸಿನಲ್ಲಿ ಕಂಡಕ್ಟರನ ಮೇಲೆ, ಬೀದಿಯಲ್ಲಿ ಹೋಗೋ ಬರೋರ ಮೇಲೆ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ತಿರುಗುತ್ತಿದ್ದ ರಾಘವ ಈ ಹುಡುಗಿಯ ಮುಂದೆ ಮಾತ್ರ ಬೆಣ್ಣೆ.

ಮಗುವಿನ ಬೇಜಾರು ಕಳೆಯಲು ವಠಾರದ ಓನರು ದೊಡ್ಡಬೈರಪ್ಪನವರ ಹೆಂಡತಿ ಸುಬ್ಬಮ್ಮನೂ ಒಂದು ದಾರಿ ಮಾಡಿದ್ದರು. ಅವರ ಮಗಳು ಯಮುನಾಳ ಮದುವೆ ಅನಿಲ್ ಕುಮಾರ್ ಎಂಬ ಹುಡುಗನ ಜೊತೆ ಗೊತ್ತಾಗಿತ್ತು. ಪತ್ರಿಕೆ ತುಂಬಿದ ಕವರುಗಳನ್ನು ಕಟ್ಟುಕಟ್ಟಾಗಿ ತಂದು ಮಂಚದ ಪಕ್ಕ ಪೇರಿಸಿ, “ನಾಕ್ ಮೂಲೆಗೂ ಅರಿಶಿನ ಹಚ್ಚಿ, ಬಾಯಿ ಅಂಟ್ಸಿ ಮಡಗು ತಾಯಿ. ಕೂತ್ಕಂಡ್ ಮಾಡೋ ಕೆಲ್ಸ” ಎಂದಿದ್ದರು. ಆರಾಧನಾ ಮೂಗು ಕೆನ್ನೆಯೆಲ್ಲ ಅರಿಶಿನ ಮಾಡಿಕೊಂಡು ನಿನ್ನೆ ಸಂಜೆಗೆ ಅಷ್ಟನ್ನೂ ಮುಗಿಸಿ ಕಳಿಸಿದ್ದಳು.

ಆ ಕವರುಗಳನ್ನು ಕಂಡರೆ ರಾಘವ ಮುಖ ತಿರುಗಿಸಿಕೊಂಡು ಅಂಗಳಕ್ಕೆ ನಡೆದುಬಿಡುತ್ತಿದ್ದ. ಯಾಕೆಂದು ವಠಾರದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇವತ್ತು ಪ್ಲಾಸ್ಟರ್ ಬಿಚ್ಚುವ ದಿನ. ಅಕ್ಕ ಗೋದಾ ಸ್ಕೂಲ್ ಮೇಡಂಗಳ ಯಾವುದೋ ಟ್ರೈನಿಂಗಿಗೆ ಹೊರಟವಳು ಚಪ್ಪಲಿ ಮೆಟ್ಟುತ್ತಲೇ ಹೇಳಿದಳು. “ಮೂರು ಗಂಟೆಗೆ ಡಾಕ್ಟ್ರು ಟೈಮ್ ಕೊಟ್ಟಿದಾರೆ. ನಾಳೆಯಿಂದ ಅವ್ರು ಊರಲ್ಲಿರಲ್ಲ. ಬಿಚ್ಚಿಸ್ಕೊಂಡ್ ಬಂದ್ಬಿಡು. ಆಮೇಲೆ ರಾಘು, ಯಾರ ಜೊತೆನೂ ಜಗಳ ಆಡ್ಬೇಡ ಕಣೋ.”

“ನಾನ್ಯಾಕ್ ಜಗಳ ಆಡ್ಲಿ?” ಎಂದು ರಾಘವ ಜಗಳಕ್ಕೆ ನಿಂತ. ಅಷ್ಟರಲ್ಲಿ ಅವಳು ಗೇಟು ದಾಟಿದ್ದಳು.

ಹತ್ತು ಗಂಟೆಯ ಹೊತ್ತಿಗೆ ಪಕ್ಕದ ಮನೆಯ ಆಂಡಾಳಮ್ಮ ಮಾವಿನಹಣ್ಣಿನ ಸೀಕರಣೆಯ ಬಟ್ಟಲು ಹಿಡಿದು ಬಂದರು. “ಎಲ್ಲಮ್ಮಾ, ನಮ್ಮ ರಾಜಕುಮಾರಿ?”

“ಅಜ್ಜೀ, ಕಣ್ಣು ಮುಚ್ಕೊಳ್ಳಿ. ಈಗ ಬಿಡಿ!” ಆರಾಧನಾ ಹೊದಿಕೆಯನ್ನು ಸರ್ರನೆ ಎಳೆದಳು.

ಬಟ್ಟಲು ಠಣ್ಣೆಂದು ನೆಲಕ್ಕೆ ಬಿತ್ತು. ಸೀಕರಣೆ ಮಂಚದ ಕೆಳಗೆ ಹರಿಯಿತು.

“ಪೆರುಮಾಳೇ! ಕಾಲಲ್ಲಿ ತಿಮ್ಮಪ್ಪ! ಕಾಲಲ್ಲಿ!”

ಎರಡೂ ಪ್ಲಾಸ್ಟರಿನ ಮೇಲೆ ಒಂದಿಂಚು ಜಾಗ ಬಿಡದೆ ನೇರಳೆ ಬಣ್ಣದ ದೇವರುಗಳು ನೆರೆದಿದ್ದರು. ಪಾದದ ಮೇಲೆ ಗಣಪತಿಗಳ ಸಾಲು. ಹೆಬ್ಬೆರಳಿನ ಬುಡದಲ್ಲಿ ತಿಮ್ಮಪ್ಪ. ಕಣಕಾಲಿನ ಸುತ್ತ ಓಲಗದವರು ಮೆರವಣಿಗೆ ಹೊರಟಿದ್ದರು. ಹುಡುಗಿ ಹೆಮ್ಮೆಯಿಂದ ಕಾಲು ಆಡಿಸಿದಳು. ತಿಮ್ಮಪ್ಪನೂ ಅಲ್ಲಾಡಿದ.

ಆಂಡಾಳಮ್ಮನ ಕೂಗಿಗೆ ಎದುರುಮನೆಯ ಸಿದ್ದಬಸಪ್ಪನವರು ಅರ್ಧ ಕೆನ್ನೆಗೆ ಸೋಪಿನ ನೊರೆ ಹಚ್ಚಿಕೊಂಡೇ ಓಡಿ ಬಂದರು. ಬಾಗಿ ನೋಡಿದವರ ಉಳಿದರ್ಧ ಕೆನ್ನೆಯೂ ಬೆಳ್ಳಗಾಯಿತು. “ಅಯ್ಯಯ್ಯೋ! ಲಿಂಗ ತಲೆಕೆಳಗಾಗಿದೆಯಲ್ರೀ!”

“ನನ್ ಕಡೆಯಿಂದ ನೋಡಿದ್ರೆ ಸರಿಯಾಗೇ ಇದೆ ಅಂಕಲ್” ಎಂದಳು ಆರಾಧನಾ.

ಹಿಂದೆಯೇ ಸುಬ್ಬಮ್ಮ, ಅವರ ಹಿಂದೆ ದೊಡ್ಡಬೈರಪ್ಪನವರು. ಗರಿಗರಿ ಬಿಳಿ ಪಂಚೆ, ಹೆಗಲ ಮೇಲೆ ಶಲ್ಯ, ಕೈಯಲ್ಲಿ ಲಗ್ನಪತ್ರಿಕೆ ತುಂಬಿದ ದೊಡ್ಡ ಚೀಲ. ಮಗಳ ಮದುವೆಗೆ ಕರೆಯಲು ಹೊರಟಿದ್ದವರು ಚೀಲ ಕೆಳಗಿಟ್ಟು, ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ, ಪ್ಲಾಸ್ಟರಿಗೆ ಮೂಗು ತಾಗುವಷ್ಟು ಬಗ್ಗಿದರು. ಎದೆ ಹಿಡಿದುಕೊಂಡು ಎದ್ದರು.

“ಕಾಲಭೈರ್ವ! ನಮ್ಮನೆ ದೇವ್ರು ಕಣಯ್ಯಾ! ಅದೂ ಎಡಗಾಲಲ್ಲಿ!”

“ನಿಮ್ಮದಾದ್ರೂ ಮಂಡಿ ಹತ್ರ ಇದೆ ಗೌಡ್ರೇ” ಎಂದರು ಆಂಡಾಳಮ್ಮ, ಅಳು ಬೆರೆತ ಅಸೂಯೆಯಲ್ಲಿ. “ನಮ್ಮದು ನೋಡಿ, ಉಗುರಿನ ಪಕ್ಕ.”

“ಮೇಲಿದ್ರೇನು, ಕೆಳಗಿದ್ರೇನು? ನಮ್ಮದು ನೆಟ್ಟಗೇ ಇಲ್ವಲ್ರೀ!” ಎಂದರು ಸಿದ್ದಬಸಪ್ಪ.

ರಾಘವನಿಗೆ ನೆತ್ತಿಯವರೆಗೆ ರೇಗಿತು. ಅಕ್ಕನ ಮಾತು ನೆನಪಾಗಿ ಹಲ್ಲು ಕಚ್ಚಿ ಹೇಳಿದ. “ಮಗು ಆಡ್ಕೊಂಡು ಒತ್ತಿದೆ. ಅದಕ್ಕೇನೀಗ? ಮೂರು ಗಂಟೆಗೆ ಡಾಕ್ಟ್ರು ಗರಗಸ ತಗೊಂಡು ಕೊಯ್ದು ಬಿಸಾಕ್ತಾರೆ. ಮುಗೀತಲ್ಲ?”



“ಕೊಯ್ದು?” ಎಂದರು ಸುಬ್ಬಮ್ಮ.

“ಬಿಸಾಕಿ?” ಎಂದರು ಆಂಡಾಳಮ್ಮ.

“ಆಯ್ತು, ಕೊಯ್ಯಲ್ಲ, ಅಳಿಸ್ತೀನಿ!” ಎಂದು ರಾಘವ ಸೀಮೆಎಣ್ಣೆ ಬಾಟಲಿ, ಹಳೇ ಬಟ್ಟೆ ತಂದ. ಹಿಂಭಾಗದಿಂದ ಶುರು ಮಾಡೋಣವೆಂದು ಹುಡುಗಿಯ ಎಡಗಾಲನ್ನು ಮೆಲ್ಲಗೆ ಎತ್ತಿ ಮೀನಖಂಡದ ಕಡೆ ಬಗ್ಗಿ ನೋಡಿದ.



ಅಲ್ಲಿ ದೇವರಿರಲಿಲ್ಲ. ಅಲ್ಲೊಂದು ಹೃದಯವಿತ್ತು. ಹೃದಯದೊಳಗೆ ಮುತ್ತಿನಂಥ ಅಕ್ಷರದಲ್ಲಿ ‘ರಾಘವ ವೆಡ್ಸ್ ಯಮುನಾ’ ಎಂದಿತ್ತು.

ಮೂರು ವರ್ಷದಿಂದ ರಾಘವ ಯಮುನಾಳನ್ನು ಪ್ರೀತಿಸುತ್ತಿದ್ದ. ಈ ಮೂರು ವರ್ಷದಲ್ಲಿ ಇಬ್ಬರ ನಡುವೆ ನಡೆದ ಮಾತು ಎಂದರೆ, ಬೆಳಿಗ್ಗೆ ಅಂಗಳದ ನಲ್ಲಿಯ ಹತ್ತಿರ ಇವನು “ನೀರು ಬಂತಾ?” ಎನ್ನುವುದು, ಅವಳು “ಬಂತು” ಎನ್ನುವುದು. ಬಾರದ ದಿನ “ಇನ್ನೂ ಇಲ್ಲ” ಎನ್ನುತ್ತಿದ್ದಳು, ಅದನ್ನು ನೆನೆಸಿಕೊಂಡು ಇವನು ಸಂಜೆಯವರೆಗೆ ಬದುಕುತ್ತಿದ್ದ. ಅವಳ ಮದುವೆ ಪತ್ರಿಕೆಯ ಆರ್ಡರು ಇವನ ಅಂಗಡಿಗೇ ಬಂತು. ಅನಿಲ್ ಕುಮಾರನ ಹೆಸರನ್ನು ಇವನ ಕೈಯಿಂದಲೇ ಜೋಡಿಸಬೇಕಾಯಿತು. ಆ ಸಂಜೆ ಸಿಟ್ಟು ತಡೆಯಲಾರದೆ ಪಕ್ಕದ ರಬ್ಬರ್ ಸ್ಟಾಂಪಿನವನ ಹತ್ತಿರ ಹೋಗಿ, ಯಾರಿಗೂ ತೋರಿಸಲಿಕ್ಕಲ್ಲ, ಸುಮ್ಮನೆ ತನ್ನ ಕಣ್ಣಿಗೊಂದು ಇರಲಿ ಎಂದು ಈ ಠಸ್ಸೆ ಮಾಡಿಸಿದ್ದ. ಅದನ್ನು ಡ್ರಾಯರಿನ ತಳದಲ್ಲಿ ಹೂತಿಟ್ಟು ಮರೆತೇಬಿಟ್ಟಿದ್ದ. ಡ್ರಾಯರು ಚೀಲಕ್ಕೆ ಬೋರಲಾಗಿತ್ತು. ಚೀಲ ಮಂಚದ ಮೇಲೆ ಬೋರಲಾಗಿತ್ತು.

ಕೈ ಸಡಿಲವಾಗಿ ಕಾಲು ಹಾಸಿಗೆಯ ಮೇಲೆ ದೊಪ್ಪನೆ ಬಿತ್ತು.

“ದೇವ್ರನ್ನ ಎತ್ತಾಕ್ತೀಯೇನ್ಲಾ!” ದೊಡ್ಡಬೈರಪ್ಪ ಗುಡುಗಿದರು. “ಕೊಡಿಲ್ಲಿ ಸೀಮೆಎಣ್ಣೆನ. ಮನೆ ದೇವ್ರ ಮುಖಕ್ಕೆ ಸೀಮೆಎಣ್ಣೆ ಬಳಿಯಕ್ ಬಂದವ್ನೆ. ಕೇಳ್ರಪ್ಪ ಎಲ್ಲಾರೂವೆ. ನಾನು ಪತ್ರಿಕೆ ಹಂಚ್ಕಂಡು ಸಂಜೆ ಬತ್ತೀನಿ. ಬರೋವಾಗ ಪುರೋಹಿತ್ರನ್ನೂ ಕರ್ಕಂಡೇ ಬತ್ತೀನಿ. ಕಾಲನ್ನ ನಾಕೂ ಕಡೆಯಿಂದ ತಿರುಗ್ಸಿ ಮುರುಗ್ಸಿ ನೋಡಿ, ಯಾವ್ಯಾವ ದೇವ್ರು ಎಲ್ಲೆಲ್ಲವ್ರೆ ಅಂತ ತಿಳ್ಕಂಡು, ಅವ್ರು ಹೇಳ್ದಂಗ್ ಮಾಡಣ. ಅಲ್ಲೀಗಂಟ ಮಗೀನ ಹೊಸಿಲು ದಾಟ್ಸಂಗಿಲ್ಲ.”

ನಾಲ್ಕೂ ಕಡೆಯಿಂದ! ರಾಘವ ಆ ಕಾಲಿಗೆ ಇನ್ನಷ್ಟು ಅಡ್ಡವಾಗಿ ನಿಂತ. ಯಮುನಾಳನ್ನು ನೋಡಿ ಸಿಳ್ಳೆ ಹಾಕಿದನೆಂದು ಮಹಡಿ ಮನೆಯವನ ಪಾತ್ರೆ, ಪೆಟ್ಟಿಗೆ, ಗ್ಯಾಸ್ ಒಲೆಯನ್ನೆಲ್ಲ ಸೂರ್ಯ ಮುಳುಗುವುದರೊಳಗೆ ಬೀದಿಗೆಸೆದ ಮನುಷ್ಯ ಇವರು. ಸಿಳ್ಳೆಗೇ ಅಷ್ಟಾದರೆ ಠಸ್ಸೆಗೆ ಎಷ್ಟು? ತನ್ನ ಬೆನ್ನಿಗೆ ಬೀಳುವುದು ಬೀಳಲಿ. ಭಾವ ಹುಬ್ಬಳ್ಳಿಗೆ ವರ್ಗವಾಗಿ ಕೂತಿದ್ದಾನೆ. ಅಕ್ಕನೂ ಈ ಹುಡುಗಿಯೂ ಎಲ್ಲಿಗೆ ಹೋಗಬೇಕು? ಸಂಜೆಯೊಳಗೆ ಆ ಪ್ಲಾಸ್ಟರ್ ಪುಡಿಯಾಗಲೇಬೇಕು.

ದೊಡ್ಡಬೈರಪ್ಪ ಚೀಲ ಎತ್ತಿಕೊಂಡು ಹೊರಟರು. ಹೊರಟಮೇಲೆ ಹೊಸ ಸಮಸ್ಯೆ ಎದ್ದಿತು. ಇಷ್ಟೊಂದು ದೇವರಿರುವ ಕಾಲನ್ನು ಯಾವ ದಿಕ್ಕಿಗೆ ಚಾಚಿಸುವುದು?

ಪೂರ್ವಕ್ಕೆ ಗೋದಾಳ ದೇವರ ಗೂಡು. ಪಶ್ಚಿಮಕ್ಕೆ, ಗೋಡೆಯಾಚೆ, ಆಂಡಾಳಮ್ಮನ ಸಾಲಿಗ್ರಾಮ. ಉತ್ತರಕ್ಕೆ ಚಾಚಿದರೆ ಬಾಗಿಲ ನೇರಕ್ಕೆ ಸಿದ್ದಬಸಪ್ಪನವರ ಪೂಜೆಯ ಜಾಗ. “ದಕ್ಷಿಣಕ್ಕೆ ಬೇಡಮ್ಮಾ, ಅದು ಬೇರೆಯವರ ಡಿಪಾರ್ಟ್‌ಮೆಂಟು” ಎಂದರು ಸಿದ್ದಬಸಪ್ಪ. ಮಂಚ ನಾಲ್ಕು ಸಲ ಸುತ್ತು ಹೊಡೆಯಿತು. ಆರಾಧನಾ “ಇನ್ನೊಂದ್ ರೌಂಡು, ಇನ್ನೊಂದ್ ರೌಂಡು” ಎಂದು ಚಪ್ಪಾಳೆ ತಟ್ಟಿದಳು. ಕೊನೆಗೆ ಉಳಿದದ್ದು ಆಕಾಶ ಒಂದೇ. ಸೂಟ್‌ಕೇಸು, ಅದರ ಮೇಲೆ ಎರಡು ದಿಂಬು, ಅದರ ಮೇಲೆ ಸುಬ್ಬಮ್ಮ ತಂದ ಮಡಿ ಬಟ್ಟೆ ಹಾಸಿ, ಎರಡು ಕಾಲನ್ನೂ ಸೂರಿನ ಕಡೆಗೆ ಎತ್ತಿ ನಿಲ್ಲಿಸಿದರು.

ನಿಲ್ಲಿಸಿದ ಕೂಡಲೇ ಎಡಗಾಲಿನ ಮೀನಖಂಡ ನೇರ ಬಾಗಿಲಿನ ಕಡೆಗೆ ತಿರುಗಿತು.

ರಾಘವ ಗೋಲ್ ಕೀಪರಿನ ಹಾಗೆ ಹಾರಿ ಎರಡು ಕೈಯಲ್ಲೂ ಆ ಕಾಲನ್ನು ತಬ್ಬಿಕೊಂಡ. ಹೃದಯ ಅಂಗೈಯ ಕೆಳಗೆ ಮುಚ್ಚಿಹೋಯಿತು. ಒಂದು ಟವಲ್ಲನ್ನಾದರೂ ಹೊದಿಸೋಣವೆಂದು ಕೈ ಚಾಚಿದರೆ ಸುಬ್ಬಮ್ಮ, “ಮೈ ಒರ್ಸೋ ಬಟ್ಟೇನ ದೇವ್ರಿಗೆ ಹೊದಿಸ್ತೀಯಾ?” ಎಂದು ಕಿತ್ತುಕೊಂಡರು. ಕಾಲು ಬಿಡುವ ಹಾಗಿಲ್ಲ. ಹಾಗೆಯೇ ಕೂತ. ಅರ್ಧ ಗಂಟೆ, ಒಂದು ಗಂಟೆ. ಕೈ ಜೋಮು ಹಿಡಿಯಿತು. ಮೂಗಿನ ಮೇಲೆ ನೊಣ ಕೂತಿತು. ಬಿಡಲಿಲ್ಲ.

“ನೋಡ್ರೀ, ಎಂಥಾ ಭಕ್ತಿ!” ಆಂಡಾಳಮ್ಮ ಗಲ್ಲಕ್ಕೆ ಬಡಿದುಕೊಂಡರು. “ಬೆಳಿಗ್ಗೆ ಸೀಮೆಎಣ್ಣೆ ತಂದಿದ್ದ ಹುಡುಗ ಇವನೇನಾ?”

“ಪಶ್ಚಾತ್ತಾಪ ಅಂದ್ರೆ ಹಿಂಗಿರ್ಬೇಕು” ಎಂದರು ಸಿದ್ದಬಸಪ್ಪ.

ಸುದ್ದಿ ಹಬ್ಬಿ ಪಕ್ಕದ ಬೀದಿಯ ಹೆಂಗಸರೂ ಬಂದರು. ಯಾರೋ ಗರಿಕೆ ತಂದರು. ಯಾರೋ ಬಲಗಾಲಿಗೆ ಎರಡು ಬಾಳೆಹಣ್ಣು ಅರ್ಪಿಸಿದರು, ಆರಾಧನಾ ಅದನ್ನು ಸುಲಿದು ತಿಂದಳು. ಎಡಗಾಲಿಗೆ ಏನೂ ಬರಲಿಲ್ಲವೆಂದು ಸುಬ್ಬಮ್ಮ ಮುಖ ದಪ್ಪ ಮಾಡಿಕೊಂಡು ಮನೆಯಿಂದ ರವೆ ಉಂಡೆ ತರಿಸಿದರು. ತಂದವಳು ಯಮುನಾ. ಒಂದು ಕೈಯಲ್ಲಿ ಉಂಡೆಯ ತಟ್ಟೆ, ಇನ್ನೊಂದರಲ್ಲಿ ಕಾಫಿ ಲೋಟ.

“ಕಾಫಿ” ಎಂದಳು ರಾಘವನಿಗೆ.

ಮೂರು ವರ್ಷದಲ್ಲಿ ಇದೇ ಮೊದಲ ಸಲ ಅವಳ ಬಾಯಿಂದ ನೀರು ಬಿಟ್ಟು ಬೇರೆ ದ್ರವದ ಮಾತು ಬಂದಿತ್ತು. ಲೋಟ ತೆಗೆದುಕೊಳ್ಳಲು ಅವನ ಕೈ ಖಾಲಿ ಇರಲಿಲ್ಲ. ಬೆವರಿಗೆ ಇಂಕು ಕರಗಿ ಅಂಗೈ ಅಂಚಿನಲ್ಲಿ ನೇರಳೆ ಗೆರೆ ಇಳಿಯುತ್ತಿತ್ತು. ಅವಳು ಆ ಗೆರೆಯನ್ನು ನೋಡಿದಳು. ಅವನ ಮುಖವನ್ನು ನೋಡಿದಳು. ಕಿಸಕ್ಕನೆ ನಕ್ಕು ಲೋಟವನ್ನು ಕಿಟಕಿಯ ಮೇಲಿಟ್ಟು ಹೋದಳು. ರಾಘವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಎರಡೂವರೆಯಾಯಿತು. ಸುಬ್ಬಮ್ಮ ಹೊಸಿಲಿಗೆ ಅಡ್ಡಲಾಗಿ ಕಾಲು ಚಾಚಿ ಕಾವಲು ಕೂತಿದ್ದರು. ಆಂಡಾಳಮ್ಮ ಗೋಡೆಗೊರಗಿ ಬಾಯಲ್ಲೇ ಪಾರಾಯಣ ಮಾಡುತ್ತಿದ್ದರು. ಇನ್ನು ದಾರಿಯಿಲ್ಲ ಎಂದುಕೊಳ್ಳುವಷ್ಟರಲ್ಲಿ ಅಂಗಳದಿಂದ ಯಮುನಾಳ ಕೂಗು ಕೇಳಿತು.

“ನೀರು ಬಂತೂ!”

ಬೇಸಿಗೆಯ ಮಧ್ಯಾಹ್ನ ಚಾಮರಾಜಪೇಟೆಯಲ್ಲಿ ನಲ್ಲಿಗೆ ನೀರು ಬಂತೆಂದರೆ ಯಾವ ದೇವರೂ ಯಾರನ್ನೂ ಹಿಡಿದು ಕೂರಿಸಲಾರ. ಸುಬ್ಬಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು. ಆಂಡಾಳಮ್ಮ ಪಾರಾಯಣವನ್ನು ಅರ್ಧಕ್ಕೇ ನಿಲ್ಲಿಸಿ ಓಡಿದರು. ಕೊಡ, ಬಕೆಟ್ಟು, ತಪ್ಪಲೆಗಳ ಗದ್ದಲದಲ್ಲಿ ಕೋಣೆ ಖಾಲಿಯಾಯಿತು.

“ಪಾಪು, ಹತ್ತು ಬೆನ್ನಿಗೆ!”

“ಎಲ್ಲಿಗೆ ಮಾವ?”

“ಕಾಲು ಬಿಡಿಸೋಕೆ.”

ಚೀಲ ಕೆದಕಿ ಆ ರಬ್ಬರ್ ಠಸ್ಸೆಯನ್ನು ಜೇಬಿಗೆ ಹಾಕಿಕೊಂಡು, ಹುಡುಗಿಯನ್ನು ಹೊತ್ತು, ಅಡಿಗೆಮನೆ ಬಾಗಿಲಿನಿಂದ ಹಿತ್ತಲ ಓಣಿಗೆ ನುಸುಳಿದ. ಓಣಿಯ ಸಂದಿಯಿಂದ ಅಂಗಳದ ನಲ್ಲಿ ಕಂಡಿತು. ಅದರ ಬಾಯಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ. “ಎಲ್ಲೇ ನೀರು?” ಎಂದು ಸುಬ್ಬಮ್ಮ ಮಗಳ ಮೇಲೆ ಕೂಗಾಡುತ್ತಿದ್ದರು. ಏನೋ ಇರಬೇಕು, ನಿಂತುಹೋಗಿರಬೇಕು ಎಂದುಕೊಂಡು ರಾಘವ ಓಡಿದ. ಯೋಚನೆ ಮಾಡುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

ಆಟೋದವನು “ಬಸವನಗುಡೀನಾ? ಬರಲ್ಲ” ಎಂದು ಹೇಳಲು ಬಾಯಿ ತೆರೆದವನು, ಭುಜದ ಪಕ್ಕದಿಂದ ಮುಖಕ್ಕೆ ಬಂದ ಗಣಪತಿಗಳ ಸಾಲನ್ನು ಕಂಡು, ಹ್ಯಾಂಡಲ್ ಬಿಟ್ಟು ಕೈಮುಗಿದ. “ಹತ್ತಿ ಗುರುವೇ, ಹತ್ತಿ!” ಹಾರನ್ನು ಹೊಡೆದರೆ ಅಪಚಾರವೆಂದು ದಾರಿಯುದ್ದಕ್ಕೂ ಬಾಯಲ್ಲೇ “ಸೈಡು, ಸೈಡು” ಎಂದು ಕೂಗಿಕೊಂಡು ಎತ್ತಿನಗಾಡಿಯ ವೇಗದಲ್ಲಿ ಓಡಿಸಿದ.

ಆಟೋದಲ್ಲಿ ರಾಘವ ಮೆಲ್ಲಗೆ ಕೇಳಿದ. “ಪಾಪು, ಆ ಹಾರ್ಟ್ ಸೀಲು ಇತ್ತಲ್ಲ. ಅದನ್ನ ಕಾಲಲ್ಲಿ ಇನ್ನೆಲ್ಲಾದ್ರೂ ಒತ್ತಿದೀಯಾ? ನಿಜ ಹೇಳು.”

“ಇಲ್ಲ ಮಾವ. ಕಾಲಲ್ಲಿ ಒಂದೇ ಒಂದು. ದೇವರಾಣೆ” ಎಂದು ಆರಾಧನಾ ತನ್ನ ಮಂಡಿಯನ್ನೇ ಮುಟ್ಟಿ ಆಣೆ ಮಾಡಿದಳು. ದೇವರು ಅಲ್ಲೇ ಇದ್ದುದರಿಂದ ರಾಘವ ನಂಬಿದ.

ಡಾಕ್ಟರ್ ತ್ರಿಪುರಸುಂದರಿ ಕನ್ನಡಕ ಏರಿಸಿ ಕಾಲು ನೋಡಿದರು. “ಏನ್ರೀ ಇದು, ಕಾಲೋ ಪಂಚಾಂಗಾನೋ?”

“ಮಗು ಆಟ, ಮೇಡಂ. ಬೇಗ ಕೊಯ್ದುಬಿಡಿ. ಹಿಂದ್ಗಡೆಯಿಂದ ಶುರು ಮಾಡಿ.”

ಗರಗಸ ಜುಂಯ್ ಎಂದದ್ದೇ ತಡ, ಬೆಳಗಿನಿಂದ ರಾಣಿಯ ಹಾಗಿದ್ದ ಹುಡುಗಿ ಬಿಳಿಚಿಕೊಂಡು ರಾಘವನ ಅಂಗಿ ಹಿಡಿದಳು. “ಬೇಡ ಮಾವ. ಕಾಲೂ ಕಟ್ ಆಗ್ಬಿಡತ್ತೆ. ನಾನು ಹಿಂಗೇ ಇರ್ತೀನಿ. ದಿನಾ ನೀನೇ ಎತ್ಕೊಂಡ್ ಹೋಗು.”

“ಕಟ್ ಆಗಲ್ಲಮ್ಮ. ಇದು ಬರೀ ನಡುಗತ್ತೆ” ಎಂದರು ಡಾಕ್ಟರು. “ನಿಮ್ಮ ಮಾವನ ಕೈ ಮೇಲೆ ತೋರಿಸ್ಲಾ?”

ರಾಘವನ ಒಪ್ಪಿಗೆ ಯಾರೂ ಕೇಳಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ ಅಂಗೈ ಚಾಚಿದ. ಜುಂಯ್ ಎಂದು ಗರಗಸ ಅಂಗೈಗೆ ತಾಗಿದಾಗ ಅವನಿಗೆ ಹಲ್ಲು, ಕಿವಿ, ಕರುಳು ಎಲ್ಲ ಒಟ್ಟಿಗೆ ಕುಣಿದ ಹಾಗಾಯಿತು. ಕುರ್ಚಿಯಿಂದ ಅರ್ಧ ಜಾರಿದ. ಆರಾಧನಾ ಗೊಳ್ಳೆಂದು ನಕ್ಕಳು. ನಗುತ್ತ ಇದ್ದ ಹಾಗೆಯೇ ಒಂದು ಕಾಲು ಬಿಡಿಸಿಕೊಂಡಿತು.

ಎಡಗಾಲಿಗೆ ಬಂದಾಗ ಡಾಕ್ಟರು ಗರಗಸ ನಿಲ್ಲಿಸಿದರು. “ಅರೆ, ಮುಂದ್ಗಡೆ ದೇವಸ್ಥಾನ, ಹಿಂದ್ಗಡೆ ಮದುವೆ! ಯಾರಪ್ಪ ಈ ರಾಘವ?”

“ಯಾರೋ ಒಬ್ಬ ದರಿದ್ರದವನು, ಮೇಡಂ. ನೀವು ಕೊಯ್ಯಿರಿ.”

ಪ್ಲಾಸ್ಟರಿನಿಂದ ಹೊರಬಂದ ಕಾಲು ಎರಡು ನುಗ್ಗೇಕಾಯಿಯ ಹಾಗಿದ್ದವು. ಹುಡುಗಿ ನೆಲಕ್ಕೆ ಪಾದ ಊರಿ, ಅವನ ಬೆರಳು ಹಿಡಿದು, ಒಂದು ಹೆಜ್ಜೆ ಇಟ್ಟಳು. “ಮಾವಾ, ಕಾಲು ಇದೆಯೋ ಇಲ್ವೋ ಗೊತ್ತೇ ಆಗ್ತಿಲ್ಲ. ಹಾರ್ಬಹುದು ಅನ್ಸತ್ತೆ.” ರಾಘವನ ಕಣ್ಣು ಯಾಕೋ ಮಂಜಾಯಿತು. “ಹಾರು, ಈ ಸಲ ಕೊಡೆ ಬೇಡ” ಎಂದ.

ಕೊಯ್ದ ತುಂಡುಗಳನ್ನೆಲ್ಲ ಕಟ್ಟಿಕೊಂಡು ಅಲ್ಲಿಂದ ನೇರ ಕೆಂಪಾಂಬುಧಿ ಕೆರೆ. ದೇವರುಗಳನ್ನೆಲ್ಲ ಕೈಮುಗಿದು ನೀರಿಗೆ ಬಿಟ್ಟ. ಹೃದಯವಿದ್ದ ತುಂಡನ್ನು ಮಾತ್ರ ದಂಡೆಯ ಕಲ್ಲಿನ ಮೇಲೆ ಜಜ್ಜಿ ಜಜ್ಜಿ ಹಿಟ್ಟು ಮಾಡಿ ಬಿಟ್ಟ. ಜೇಬಿನಿಂದ ರಬ್ಬರ್ ಠಸ್ಸೆ ತೆಗೆದು, ಕಡೆಯ ಸಲ ಒಮ್ಮೆ ನೋಡಿ, ತೋಳಿನ ಶಕ್ತಿಯೆಲ್ಲ ಸೇರಿಸಿ ಕೆರೆಯ ನಡುವಿಗೆ ಎಸೆದ. ಬುಳಕ್ಕೆಂದಿತು. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಚಪ್ಪಡಿ ಇಳಿದ ಹಾಗಾಯಿತು. ಹುಡುಗಿಗೆ ವಿಶ್ವೇಶ್ವರಪುರಂನಲ್ಲಿ ಗುಲ್ಕನ್ ಕೊಡಿಸಿ, ತಾನೂ ಒಂದು ತಿಂದು, ಸಿಳ್ಳೆ ಹಾಕುತ್ತ ವಠಾರಕ್ಕೆ ಬಂದ.

ಗೇಟಿನಲ್ಲೇ ಸುಬ್ಬಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. “ಎಲ್ಲಯ್ಯಾ ದೇವ್ರು?”

“ಕೆರೆಗೆ ಬಿಟ್ಟೆ, ಅಮ್ಮಾ. ಗಣಪತಿ ಬಿಡ್ತೀವಲ್ಲ, ಹಂಗೇ. ಕೈಮುಗಿದು, ಪ್ರದಕ್ಷಿಣೆ ಹಾಕಿ.”

ಆಂಡಾಳಮ್ಮ ಯೋಚಿಸಿದರು. ಸಿದ್ದಬಸಪ್ಪ ಯೋಚಿಸಿದರು. ಇದರಲ್ಲಿ ತಪ್ಪು ಹುಡುಕಲು ಇಬ್ಬರಿಗೂ ಆಗಲಿಲ್ಲ. “ನಮ್ಮದನ್ನ ಮೊದ್ಲು ಬಿಟ್ಟೆ ತಾನೇ?” ಎಂದರು ಆಂಡಾಳಮ್ಮ. “ನಿಮ್ಮದೇ ಮೊದ್ಲು” ಎಂದು ಆಂಡಾಳಮ್ಮನ ಕಿವಿಯಲ್ಲಿ ಹೇಳಿದ, ಸಿದ್ದಬಸಪ್ಪನ ಕಿವಿಯಲ್ಲೂ ಅದನ್ನೇ ಹೇಳಿದ.

ಅಷ್ಟರಲ್ಲಿ ದೊಡ್ಡಬೈರಪ್ಪನವರ ಸವಾರಿ ಬಂತು. ಜೊತೆಗೆ ಪುರೋಹಿತರಿರಲಿಲ್ಲ, ಪುರೋಹಿತರು ಬೇರೆ ಮದುವೆಗೆ ಹೋಗಿದ್ದರಂತೆ. ಗೌಡರ ಮುಖ ಮಾತ್ರ ಹೋಳಿಗೆಯ ಹಾಗೆ ಅರಳಿತ್ತು. ಮಗು ಕಾಲ ಮೇಲೆ ನಿಂತದ್ದನ್ನು ಕಂಡು ಇನ್ನಷ್ಟು ಅರಳಿತು. ಕೆರೆಯ ಸುದ್ದಿ ಕೇಳಿ, “ಒಳ್ಳೇ ಕೆಲ್ಸ ಮಾಡ್ದೆ ಕಣಯ್ಯಾ. ನಾನೂ ಅದೇ ಹೇಳಾನ ಅಂತಿದ್ದೆ” ಎಂದು ರಾಘವನ ಬೆನ್ನು ತಟ್ಟಿದರು. ಮೂರು ವರ್ಷದಲ್ಲಿ ಆ ಕೈ ಆ ಬೆನ್ನಿಗೆ ಹೀಗೆ ತಾಗೀತೆಂದು ರಾಘವ ಕನಸಿನಲ್ಲೂ ಅಂದುಕೊಂಡಿರಲಿಲ್ಲ.

“ಪತ್ರಿಕೆ ಎಲ್ಲಾ ಹಂಚಾಯ್ತಾ ಯಜಮಾನ್ರೇ?” ಎಂದು ಕೇಳಿದ, ಇಷ್ಟಗಲ ಬಾಯಿ ತೆರೆದು.

“ಎಲ್ಲಾ ಆಯ್ತು. ವಿಶ್ವೇಶ್ವರಪುರಂ, ತ್ಯಾಗರಾಜನಗರ, ಗಂಡಿನ ಕಡೆಯೋರ ನೆಂಟ್ರಿಗೂ ನಾನೇ ಕೈಯಾರೆ ಕೊಟ್ಟೆ. ಅರಿಶಿನ ಕುಂಕುಮ ಇಟ್ಟು ಕೊಟ್ರೆ, ಒಬ್ಬೊಬ್ರೂ ಕಣ್ಣಿಗೊತ್ಕಂಡು ದೇವ್ರ ಮುಂದೆ ಮಡಗಿದ್ರು. ದೀಪ ಹಚ್ಚಿ ಸಂಜೆಗೆ ಬಿಚ್ಚಿ ಓದ್ತೀವಿ ಅಂದ್ರು.” ಗೌಡರು ಬಗ್ಗಿ ಆರಾಧನಾಳ ಕೆನ್ನೆ ಹಿಂಡಿದರು. “ಈ ಮಗು ಕೆಲ್ಸ ಎಷ್ಟ್ ಚೆಂದಾಗಿ ಮಾಡವ್ಳೆ ಅಂತೀಯ! ಬರೀ ಅರಿಶಿನ ಅಲ್ಲ ಕಣಯ್ಯಾ, ಕವರಿನ ಹಿಂದ್ಗಡೆ ಅಂಟ್ಸಿರೋ ಬಾಯಿ ಮ್ಯಾಲೆ ಒಂದೊಂದಕ್ಕೂ ಮುದ್ದಾದ ಸೀಲು ಹೊಡೆದವ್ಳೆ. ಹಾರ್ಟಂದು. ನಂಗೆ ಕನ್ನಡಕ ಇಲ್ದೆ ಅಕ್ಷರ ಕಾಣ್ನಿಲ್ಲ. ಆದ್ರೂ ಭಾಳ ಲಕ್ಷಣವಾಗೈತೆ. ಇಗಾ, ನಿಮ್ಮನೇದು.”

ರಾಘವನ ಕೈಗೆ ಒಂದು ಕವರು ಬಂತು. ಅವನು ತಿರುಗಿಸಿ ನೋಡಲಿಲ್ಲ. ಕವರೇ ಅಂಗೈಯಲ್ಲಿ ತಿರುಗಿಕೊಂಡಿತು. ನಾಲ್ಕು ಮೂಲೆಗೂ ಅರಿಶಿನ. ನಡುವೆ ನೇರಳೆ ಹೃದಯ. ಒಳಗೆ ಮುತ್ತಿನಂಥ ಅಕ್ಷರ.

“ಕಾಲಲ್ಲಿ ಒಂದೇ ಅಂದೆ...” ಎಂದ ರಾಘವ ಹುಡುಗಿಗೆ.

“ಹೂಂ, ಕಾಲಲ್ಲಿ ಒಂದೇ” ಎಂದಳು ಆರಾಧನಾ. “ಯಮುನಕ್ಕನ ಹೆಸ್ರಿತ್ತಲ್ಲ ಮಾವ, ಅದಕ್ಕೇ ಅವ್ರ ಕಾರ್ಡಿಗೇ ಅಂದ್ಕೊಂಡೆ. ಕಾರ್ಡು ಪ್ರಿಂಟ್ ಮಾಡಿದ್ದು ನೀನು, ನಿನ್ನ ಹೆಸ್ರೂ ಹಾಕಿದಾರೆ ಅಂದ್ಕೊಂಡೆ. ಅಂಗಡಿ ಹೆಸ್ರು ಕೆಳಗಡೆ ಹಾಕ್ತಾರಲ್ಲ, ಹಂಗೆ.”

ದೊಡ್ಡಬೈರಪ್ಪನವರಿಗೆ ಅರ್ಥವಾಗಲಿಲ್ಲ. ಅವರು ಇನ್ನೂ ನಗುತ್ತಲೇ ಇದ್ದರು. “ನಮ್ಮ ಯಮುನಾನೂ ಏನ್ ಕಮ್ಮಿ ಇಲ್ಲ ಬಿಡು. ನಿನ್ನೆ ರಾತ್ರಿ ಒಬ್ಳೇ ಕೂತು ಒಂದೊಂದು ಕವರನ್ನೂ ಹಿಂದೆ ಮುಂದೆ ನೋಡಿ, ನೀಟಾಗಿ ಜೋಡ್ಸಿ ಚೀಲಕ್ಕೆ ತುಂಬವ್ಳೆ. ಒಂದೂ ಬಿಟ್ಟಿಲ್ಲ.”

ರಾಘವ ತಲೆಯೆತ್ತಿದ. ಗೌಡರ ಮನೆಯ ಬಾಗಿಲಲ್ಲಿ ಯಮುನಾ ನಿಂತಿದ್ದಳು. ಬಾಗಿಲ ಚೌಕಟ್ಟಿಗೆ ಒರಗಿ, ಜಡೆಯ ತುದಿ ಬೆರಳಿಗೆ ಸುತ್ತಿಕೊಂಡು, ನೇರ ಅವನನ್ನೇ ನೋಡುತ್ತಿದ್ದಳು. ಇವನಿಗೆ ಥಟ್ಟನೆ ಮಧ್ಯಾಹ್ನದ ಒಣ ನಲ್ಲಿ ನೆನಪಾಯಿತು.

ಅವಳ ಹಿಂದೆ, ನಡುಮನೆಯಲ್ಲಿ, ಫೋನು ಬಡಿದುಕೊಳ್ಳತೊಡಗಿತು. ಯಮುನಾ ಕದಲಲಿಲ್ಲ. ಸುಬ್ಬಮ್ಮ ಓಡಿಹೋಗಿ ಎತ್ತಿಕೊಂಡರು.

“ಹಲೋ... ಹೂಂ, ನಮಸ್ಕಾರ... ಪತ್ರಿಕೆ ಬಂತಾ? ಸಂತೋಷ... ಏನಂದ್ರಿ?... ಇಲ್ಲ ಕಣ್ರೀ, ಹುಡುಗನ ಹೆಸ್ರು ಅನಿಲ್ ಕುಮಾರ... ಯಾವ ರಾಘವ?”

ಗೌಡರ ನಗು ಮುಖದ ಮೇಲೆಯೇ ನಿಂತುಹೋಯಿತು. ಅವರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. ಅಲ್ಲಿಂದ ಇನ್ನೂ ನಿಧಾನವಾಗಿ ರಾಘವನ ಕಡೆಗೆ.

ಆರಾಧನಾಳಿಗೆ ಏನು ಅರ್ಥವಾಯಿತೋ, ತನ್ನ ಹೊಸ ಕಾಲಿನಲ್ಲಿ ತಟ್ಟಾಡುತ್ತ ಬಂದು ಅವನ ಪ್ಯಾಂಟು ಹಿಡಿದು ಜಗ್ಗಿದಳು.

“ಮಾವಾ, ಓಡು!”

ರಾಘವನಿಗೂ ಓಡಬೇಕೆಂದೇ ಇತ್ತು. ಆದರೆ ಎರಡು ಕಾಲೂ ಮಂಡಿಯ ಕೆಳಗಿನಿಂದ ಬೆರಳಿನವರೆಗೆ ಮಾತು ಕೇಳಲಿಲ್ಲ.